ಸಹಾಯ ಬೇಕು: ರೋಸ್ಟ್ ಪೋರ್ಕ್ ತೆಳ್ಳಗೆ ಕೊಯ್ಯಲು ಬರ್ತಿಲ್ಲ

ಫಿಲಡೆಲ್ಫಿಯಾದ ರೋಸ್ಟ್ ಪೋರ್ಕ್ ಸ್ಯಾಂಡ್‌ವಿಚ್ ಗೊತ್ತಲ್ವಾ? ಇಟಲಿಯ ಅಬ್ರುಝೋದಿಂದ ವಲಸೆ ಬಂದವರು ತಮ್ಮ ಕಡೆಯ ಪೊರ್ಕೆಟ್ಟಾವನ್ನು (ಬೆಳ್ಳುಳ್ಳಿ, ಮಸಾಲೆ ಸೊಪ್ಪು ಹಾಕಿ ರೋಸ್ಟ್ ಮಾಡಿದ ಹಂದಿಮಾಂಸ) ಇಲ್ಲಿನ ಉದ್ದ ಬ್ರೆಡ್ಡಿಗೆ ಹೊಂದಿಸಿಕೊಂಡದ್ದು. ಅದನ್ನು ಮನೆಯಲ್ಲಿ ಮಾಡಲು ಹೋಗಿ ಎರಡು ಸಲ ಸೋತಿದ್ದೇನೆ.

ಮೂಳೆ ತೆಗೆದ 2 ಕೆಜಿ ಭುಜದ ಮಾಂಸ. ಬೆಳ್ಳುಳ್ಳಿ, ರೋಸ್‌ಮೇರಿ, ಸೋಂಪು ಹಚ್ಚಿ ರಾತ್ರಿಯಿಡೀ ಇಟ್ಟಿದ್ದೆ. ಮೊದಲ ಸಲ 150 ಡಿಗ್ರಿಯಲ್ಲಿ 4 ಗಂಟೆ ಬೇಯಿಸಿದೆ. ಚಾಕು ಇಟ್ಟರೆ ಸಾಕು, ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಎರಡನೇ ಸಲ ಬೇಗ ತೆಗೆದೆ, ರಬ್ಬರ್! ರುಚಿ ಮಾತ್ರ ಸೂಪರ್. ಕಹಿ ಬ್ರೊಕೊಲಿ ರಾಬ್ ಸೊಪ್ಪು, ಪ್ರೊವೊಲೋನ್ ಚೀಸ್ ಜೊತೆ ಹೇಗೋ ತಿಂದು ಮುಗಿಸಿದೆವು.

ಮಾಡಿ ಗೊತ್ತಿರುವವರು ಹೇಳಿ: ಮಾಂಸವನ್ನು ಪೂರ್ತಿ ಬೇಯಿಸಿ, ಫ್ರಿಜ್‌ನಲ್ಲಿ ತಣಿಸಿ ಕೊಯ್ದು, ಆಮೇಲೆ ಅದರದೇ ರಸದಲ್ಲಿ ಬಿಸಿ ಮಾಡಬೇಕಾ? ಅಥವಾ ಬಿಸಿ ಇದ್ದಾಗಲೇ ಕೊಯ್ಯಬೇಕಾ?