ಕೈಗಾದ ಐದನೆಯ ಮತ್ತು ಆರನೆಯ ಘಟಕಗಳು: ನಿಜವಾದ ಅಪಾಯ ಯಾವುದು?

ಪ್ರಶ್ನೆ: ಕಾಳಿದಂಡೆ

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಈಗಿರುವ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಜೊತೆಗೆ ತಲಾ 700 ಮೆಗಾವಾಟ್‌ನ ಇನ್ನೆರಡಕ್ಕೆ 2017ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಂದಿನಿಂದ ನಮ್ಮ ಮನೆಯಲ್ಲಿ ಈ ಚರ್ಚೆ ಮುಗಿದಿಲ್ಲ. ಶಿವರಾಮ ಕಾರಂತರು ಪರಿಸರದ ಪ್ರಶ್ನೆಯನ್ನು ಮುಂದಿಟ್ಟುಕೊಂಡು 1989ರ ಲೋಕಸಭಾ ಚುನಾವಣೆಗೆ ನಿಂತಾಗ ಅವರಿಗೆ ಮತ ಹಾಕಿದ ತಂದೆಯವರು ಇಂದಿಗೂ ಸ್ಥಾವರದ ವಿರೋಧಿ. ಅಲ್ಲಿಯೇ ಗುತ್ತಿಗೆ ಕೆಲಸ ಮಾಡುವ ತಮ್ಮನಿಗೆ ಅದು ಅನ್ನದ ದಾರಿ. ಅಣುದುರಂತ ನಡೆದ ಚೆರ್ನೋಬಿಲ್‌ನ ಹೆಸರು ಹೇಳಿ ಹೆದರಿಸುವುದನ್ನೂ, "ಏನೂ ಆಗುವುದಿಲ್ಲ" ಎಂದು ಸಮಾಧಾನ ಹೇಳುವುದನ್ನೂ ಬದಿಗಿಟ್ಟು, ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ವಿದ್ಯುತ್ ಎಂಜಿನಿಯರ್

ನಾನು ಅಣುವಿದ್ಯುತ್ತಿನ ಪರವಾಗಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಶರಾವತಿಯ ವಿದ್ಯುತ್ತು ಮಳೆಯನ್ನು ನಂಬಿದೆ, ಪಾವಗಡದ್ದು ಸೂರ್ಯನನ್ನು ನಂಬಿದೆ. ಹಗಲಿರುಳೆನ್ನದೆ ಒಂದೇ ಸಮನೆ ಬೇಕಾಗುವ ವಿದ್ಯುತ್ತಿಗೆ ನಮ್ಮಲ್ಲಿ ಉಳಿಯುವುದು ಹೆಚ್ಚಾಗಿ ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಗಳೇ. ಕೈಗಾದ ಒಂದು 220 ಮೆಗಾವಾಟ್ ಘಟಕಕ್ಕೆ ವರ್ಷಕ್ಕೆ ಮೂವತ್ತು-ನಲವತ್ತು ಟನ್ ಯುರೇನಿಯಂ ಸಾಕಾಗುತ್ತದೆ, ಆದರೆ ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಪಡೆಯಬೇಕಾದರೆ ಹತ್ತು ಲಕ್ಷ ಟನ್ನಿನ ಆಸುಪಾಸು ಸುಡಬೇಕು, ಮತ್ತು ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬರೀ ಬೂದಿ. ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ಕೈಗಾದ ರಿಯಾಕ್ಟರುಗಳನ್ನು ನಿಲ್ಲಿಸದೆಯೇ ಇಂಧನ ಬದಲಿಸಬಹುದಾದ್ದರಿಂದ, ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು.

ಉತ್ತರ 2: ಭೌತಶಾಸ್ತ್ರ ಉಪನ್ಯಾಸಕಿ

ಮೇಲಿನ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ಎಡೆಬಿಡದೆ ಓಡಿದ ದಿನಗಳ ಎಣಿಕೆ ಸುರಕ್ಷತೆಯ ಅಳತೆಯಲ್ಲ. ಕೈಗಾದಲ್ಲಿ ನಿಜವಾಗಿ ನಡೆದದ್ದನ್ನೇ ನೋಡೋಣ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಇಂಧನ ತುಂಬುವ ಮೊದಲೇ ಹಾಗಾದದ್ದು ನಮ್ಮ ಪುಣ್ಯ, ಏಕೆಂದರೆ ವಿಕಿರಣ ಹೊರಬರದಂತೆ ತಡೆಯುವ ಕೊನೆಯ ಗೋಡೆಯೇ ಆ ಗುಮ್ಮಟ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರೀಷಿಯಂ (ಹೈಡ್ರೋಜನ್ನಿನ ವಿಕಿರಣಶೀಲ ರೂಪ) ಇದ್ದ ಭಾರಜಲವನ್ನು ಬೆರೆಸಿದ್ದರಿಂದ ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಅದು ಸೇರಿತು, ಮತ್ತು ಮೂತ್ರದ ವಾಡಿಕೆಯ ತಪಾಸಣೆಯಲ್ಲಷ್ಟೇ ಸಂಗತಿ ಹೊರಬಿತ್ತು. ಟ್ರೀಷಿಯಂ ನೀರಿನೊಡನೆ ಬೇಗ ದೇಹದಿಂದ ಹೊರಹೋಗುವುದರಿಂದ ದೊಡ್ಡ ಅನಾಹುತವಾಗಲಿಲ್ಲ. ಇವೆರಡರಲ್ಲಿ ಒಂದಕ್ಕೂ ರಿಯಾಕ್ಟರಿನ ಭೌತಶಾಸ್ತ್ರ ಕಾರಣವಲ್ಲ. ಒಂದರಲ್ಲಿ ವಿನ್ಯಾಸ ಮತ್ತು ಕಾಮಗಾರಿ ಸೋತವು, ಇನ್ನೊಂದರಲ್ಲಿ ಕಾವಲು ಸೋತಿತು.

ಚೆರ್ನೋಬಿಲ್‌ನ ರಿಯಾಕ್ಟರು ಬೇರೆಯೇ ಬಗೆಯದು, ಅದಕ್ಕೆ ಕೈಗಾದಂಥ ಗುಮ್ಮಟವೂ ಇರಲಿಲ್ಲ, ಆದ್ದರಿಂದ ಆ ಹೋಲಿಕೆ ಸಲ್ಲದು. ಜಪಾನಿನ ಫುಕುಶಿಮಾ ಅಣುಸ್ಥಾವರದ ಪಾಠ ಮಾತ್ರ ಸಲ್ಲುತ್ತದೆ. 2011ರ ಮಾರ್ಚ್ 11ರಂದು ಭೂಕಂಪವಾದೊಡನೆ ಅಲ್ಲಿ ಓಡುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಆದರೆ ನಿಂತ ಕ್ಷಣದಲ್ಲಿಯೂ ಇಂಧನವು ಪೂರ್ಣ ಶಾಖದ ಶೇಕಡಾ 6ರಷ್ಟನ್ನು ಉಗುಳುತ್ತಿರುತ್ತದೆ, ಅದನ್ನು ತಣಿಸಬೇಕಾದ ಪಂಪುಗಳ ಡೀಸೆಲ್ ಜನರೇಟರುಗಳನ್ನು ಸುನಾಮಿ ಮುಳುಗಿಸಿತು. ಕೈಗಾಕ್ಕೆ ಸಮುದ್ರ ದೂರ, ಆದರೆ ಕದ್ರಾ ಜಲಾಶಯದ ದಂಡೆಯ ಮೇಲಿರುವ ಈ ಸ್ಥಾವರದ ಮೇಲ್ಭಾಗದಲ್ಲಿ ಕಾಳಿ ನದಿಗೆ ಕೊಡಸಳ್ಳಿ ಮತ್ತು ಸೂಪಾ ಅಣೆಕಟ್ಟುಗಳಿವೆ. ಹೊಸ ಘಟಕಗಳ ವಿಷಯದಲ್ಲಿ ನಾನು ಮೊದಲು ಕೇಳುವುದು, ಆ ನೀರು ನುಗ್ಗಿದರೆ ತಣಿಸುವ ಪಂಪುಗಳು ಉಳಿಯುತ್ತವೆಯೇ ಎಂಬ ಲೆಕ್ಕವನ್ನೇ.

ಉತ್ತರ 3: ಘಟ್ಟದ ಕೆಳಗಿನವರು

ಬಳಸಿದ ಇಂಧನದ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ದೇಶ ಅದನ್ನು ಸಂಸ್ಕರಿಸಿ ಪ್ಲುಟೋನಿಯಂ ತೆಗೆದು ಮತ್ತೆ ಬಳಸುವ ದಾರಿ ಹಿಡಿದಿದೆ, ನಿಜ. ಆದರೂ ಕೊನೆಗುಳಿಯುವ ತೀವ್ರ ವಿಕಿರಣದ ತ್ಯಾಜ್ಯವನ್ನು ಶಾಶ್ವತವಾಗಿ ಹೂಳುವ ಆಳದ ಜಾಗ ನಮ್ಮಲ್ಲಿ ಇನ್ನೂ ಇಲ್ಲ. ಇನ್ನೊಂದು ಮಾತು: ಸುರಕ್ಷತೆಯನ್ನು ಕಾಯಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿಯು 1983ರಲ್ಲಿ ಹುಟ್ಟಿದಾಗಿನಿಂದ, ಅಣುಶಕ್ತಿಯನ್ನು ಬೆಳೆಸುವ ಅಣುಶಕ್ತಿ ಆಯೋಗಕ್ಕೇ ವರದಿ ಒಪ್ಪಿಸುವಂತೆ ರೂಪುಗೊಂಡಿತು, ಅಂದರೆ ಬೇಲಿಯನ್ನೂ ಹೊಲವನ್ನೂ ಒಬ್ಬನ ಕೈಗೇ ಕೊಟ್ಟ ಹಾಗಾಯಿತು. ವಿದ್ಯುತ್ತು ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಹೋಗುತ್ತದೆ, ಆದರೆ ಅಪಘಾತವಾದರೆ ಜಾರಿಗೆ ಬರುವ ತುರ್ತುಯೋಜನೆಯ 16 ಕಿಲೋಮೀಟರ್ ವಲಯದೊಳಗೆ ಬದುಕುವವರು ನಾವು.

ಪ್ರಶ್ನೆ ಕೇಳಿದವರ ಮರುಮಾತು: ಕಾಳಿದಂಡೆ

ಎಲ್ಲರಿಗೂ ಧನ್ಯವಾದಗಳು. 2019ರ ಆಗಸ್ಟಿನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಊರುಗಳು ಮುಳುಗಿದ್ದು ನಮಗೆಲ್ಲ ನೆನಪಿದೆ. ಅಂಥ ಮಳೆಯ ದಿನವೇ ಊರು ಬಿಡಬೇಕಾಗಿ ಬಂದರೆ ಯಾವ ರಸ್ತೆಯಲ್ಲಿ, ಯಾರ ಬಸ್ಸಿನಲ್ಲಿ ಹೋಗಬೇಕು ಎಂಬುದನ್ನು ಬರವಣಿಗೆಯಲ್ಲಿ ಕೊಡಿರೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ತಂದೆಯವರೂ ತಮ್ಮನೂ ಈ ಒಂದು ಪ್ರಶ್ನೆಗೆ ಮಾತ್ರ ಒಟ್ಟಿಗೆ ಸಹಿ ಹಾಕಲು ಒಪ್ಪಿದ್ದಾರೆ.