ಪದ ಬೇಕಾಗಿದೆ: ‘ಕ್ಲಿನಿಕಲ್ ರೀಸನಿಂಗ್’ ಮತ್ತು ‘ಥೆರಪ್ಯೂಟಿಕ್ ಗ್ರೂಪ್’

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ಆಕ್ಯುಪೇಶನಲ್ ಥೆರಪಿ ಮಾಡುವ ಗೆಳತಿಯೊಬ್ಬರು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆದಿದ್ದಾರೆ. ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರೂ ಓದುತ್ತಾರೆ, ರೋಗಿಗಳ ಮನೆಯವರೂ ಓದುತ್ತಾರೆ. ಎರಡು ಮಾತುಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಅದಕ್ಕೂ ಮುಂಚೆ ‘ಆಕ್ಯುಪೇಶನಲ್’ ಬಗ್ಗೆ ಒಂದು ಮಾತು. ‘ಔದ್ಯೋಗಿಕ ಚಿಕಿತ್ಸೆ’ ಅಂತ ಬೋರ್ಡ್ ಹಾಕಿದರೆ “ನೌಕರಿ ಕೊಡಸ್ತೀರೇನ್ರಿ?” ಅಂತ ಕೇಳುವವರು ಇದ್ದಾರಂತೆ. ಕೇಳಿದವರ ತಪ್ಪಲ್ಲ. ಈ ಶಾಸ್ತ್ರದಲ್ಲಿ ಆಕ್ಯುಪೇಶನ್ ಅಂದರೆ ಸಂಬಳದ ಕೆಲಸ ಮಾತ್ರ ಅಲ್ಲ. ಹಲ್ಲುಜ್ಜುವುದು, ಅಂಗಿಯ ಗುಂಡಿ ಹಾಕುವುದು, ಅಡುಗೆ, ಆಟ, ಸಂತೆಗೆ ಹೋಗಿ ಬರುವುದು, ಹೀಗೆ ದಿನದ ಹೊತ್ತನ್ನು ತುಂಬುವ ಎಲ್ಲವೂ ಅದರಲ್ಲಿ ಬರುತ್ತದೆ. ಮಜಾ ಅಂದರೆ ನಮ್ಮ ಆಡುಮಾತಿನ ‘ಉದ್ಯೋಗ’ಕ್ಕೆ ಈ ಅರ್ಥ ಇನ್ನೂ ಉಳಿದಿದೆ. “ಬ್ಯಾರೆ ಉದ್ಯೋಗ ಇಲ್ಲೇನು ನಿನಗ?” ಅಂತ ಬೈಯುವವರು ನೌಕರಿ ವಿಷಯ ಕೇಳುತ್ತಿಲ್ಲವಲ್ಲ! ಆದರೆ ‘ಔದ್ಯೋಗಿಕ’ ಆದ ಕೂಡಲೇ ಅದು ಕಾರ್ಖಾನೆಯ ಪದ ಆಗಿಬಿಡುತ್ತದೆ. 1950ರಲ್ಲಿ ಕಮಲಾ ನಿಂಬಕರ್ ಅವರು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆ ಶುರುಮಾಡಿದರು. ಆಗ ಧಾರವಾಡವೂ ಮುಂಬೈ ರಾಜ್ಯದಲ್ಲೇ ಇತ್ತು. ಶಾಲೆ ಅಷ್ಟು ಹಿಂದೆಯೇ ಬಂತು, ಕನ್ನಡದ ಪದ ಇನ್ನೂ ಬಂದಿಲ್ಲ. ಇರಲಿ, ಹೆಸರನ್ನು ಸದ್ಯ ಹಾಗೇ ಬಿಟ್ಟಿದ್ದೇವೆ.

ನಿಜವಾದ ತೊಡಕು ‘ಕ್ಲಿನಿಕಲ್ ರೀಸನಿಂಗ್’ನದು, ಅಂದರೆ ರೋಗಿಗೆ ಏನು ಮಾಡಬೇಕು, ಹೇಗೆ, ಯಾಕೆ ಅಂತ ಥೆರಪಿಸ್ಟ್ ಮಾಡುವ ಯೋಚನೆಯದು. ಕೈಪಿಡಿಯ ಉದಾಹರಣೆಯನ್ನೇ ಹೇಳುತ್ತೇನೆ. ಲಕ್ವಾ ಹೊಡೆದು ಬಲಗೈ ಸೋತ ಒಬ್ಬ ಅಮ್ಮ ಇದ್ದಾರೆ ಅಂತಿಟ್ಟುಕೊಳ್ಳಿ. ರೊಟ್ಟಿ ಬಡಿಯಬೇಕು ಅನ್ನುವುದು ಅವರ ಆಸೆ. ಪರಾತದಲ್ಲಿ ಜೋಳದ ಹಿಟ್ಟು, ನಡುವೆ ಗುಳಿ, ಅದಕ್ಕೆ ಬಿಸಿ ಎಸರು. ಥೆರಪಿಸ್ಟ್ ಎದುರಿಗೆ ಕೂತು ನೋಡುತ್ತಾರೆ. ಬೆರಳು ಬಿಚ್ಚುತ್ತಿವೆಯಾ? ನಾದುವಾಗ ಭುಜ ಮೇಲೇಳುತ್ತಿದೆಯಾ? ಬಿಸಿ ಹತ್ತಿದ್ದು ಆ ಕೈಗೆ ಗೊತ್ತಾಗುತ್ತಿದೆಯಾ? ಇದು ಒಂದು ಬಗೆಯ ಯೋಚನೆ. ಅದೇ ಹೊತ್ತಿಗೆ ಇನ್ನೊಂದೂ ನಡೆದಿರುತ್ತದೆ: ಸೊಸೆ ಪಕ್ಕದಲ್ಲಿದ್ದರೆ ಈ ಅಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ, ಸೊಸೆಯನ್ನು ಹೊರಗೆ ಕಳಿಸಬೇಕೋ, ಇಲ್ಲೇ ಕೂಡಿಸಿ ಎಸರು ಹಾಕಲು ಹೇಳಬೇಕೋ? ಮೂರನೆಯದು ಇನ್ನೂ ದೂರದ್ದು. ಆರು ತಿಂಗಳ ಮೇಲೆ ಈ ಮನೆಯಲ್ಲಿ ಇವರ ಜಾಗ ಯಾವುದು, ಒಲೆ ಮುಂದೆಯೋ, ಮೂಲೆಯ ಮಂಚದ ಮೇಲೋ?

ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ಮೌರೀನ್ ಫ್ಲೆಮಿಂಗ್ 1991ರಲ್ಲಿ ಈ ಮೂರು ಬಗೆಯ ಯೋಚನೆಯನ್ನೂ ಬಿಡಿಸಿ, ಇದೇ ಸಾಲಿನಲ್ಲಿ ಹೆಸರಿಟ್ಟರು: ಪ್ರೊಸೀಜರಲ್, ಇಂಟರ್‍ಯಾಕ್ಟಿವ್, ಕಂಡಿಶನಲ್. ಒಬ್ಬರದೇ ತಲೆಯಲ್ಲಿ ಮೂರೂ ಒಟ್ಟಿಗೆ ಓಡುತ್ತಿರುತ್ತವೆ ಅನ್ನುವುದು ಅವರ ಮಾತಿನ ಸಾರ. ಅವರ ಜೊತೆಗೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಶೆರಿಲ್ ಮ್ಯಾಟಿಂಗ್ಲಿ ‘ನ್ಯಾರೆಟಿವ್’ ಅನ್ನುವುದನ್ನೂ ಸೇರಿಸಿದರು. ರೋಗಿಯ ಬದುಕನ್ನು ಕಥೆಯಾಗಿ ನೋಡಿ, ಮುಂದಿನ ಅಧ್ಯಾಯಕ್ಕೆ ದಾರಿ ಹುಡುಕುವ ಯೋಚನೆ ಅದು.

ಇದಕ್ಕೆಲ್ಲ ‘ತರ್ಕ’ ಸಾಲುತ್ತಾ? ನನಗೆ ಸಾಲುವುದಿಲ್ಲ ಅನಿಸುತ್ತದೆ. “ತರ್ಕಾ ಮಾಡಬ್ಯಾಡ” ಅಂದರೆ ವಾದ ನಿಲ್ಲಿಸು ಅಂತ. ಆ ಅಮ್ಮನ ಸೆರಗನ್ನು ಗಮನಿಸುವುದು ತರ್ಕದೊಳಗೆ ಬರುವುದಿಲ್ಲ. ‘ನಿರ್ಣಯ’ ಅನ್ನೋಣವೆಂದರೆ ಅದು ಯೋಚನೆ ಮುಗಿದ ಮೇಲಿನ ಮಾತು. ‘ವಿವೇಚನೆ’ ಹತ್ತಿರ ಬರುತ್ತದೆ. ಆದರೆ ಸರ್ಕಾರಿ ಕಾಗದ ಓದಿದವರ ಕಿವಿಗೆ ‘ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದು’ ಅಂತಲೇ ಕೇಳುತ್ತದೆ. ಅಂದರೆ ಅವರ ಮರ್ಜಿ!

ನನ್ನ ಒಲವು ‘ವಿಚಾರ’ದ ಕಡೆ. ನಮ್ಮ ಕಡೆ “ವಿಚಾರ ಮಾಡ್ತೀನ್ರಿ” ಅಂದರೆ ಯೋಚನೆ ಮಾಡುತ್ತೇನೆ ಅಂತ. ಮೈಸೂರು ಕಡೆಯವರಿಗೆ ‘ವಿಚಾರ’ ಅಂದರೆ ಹೆಚ್ಚಿನ ಮಟ್ಟಿಗೆ ವಿಷಯ, ‘ವಿಚಾರಿಸು’ ಅಂದರೆ ಕೇಳಿ ತಿಳಿ. ನೋಡಿದರೆ ಥೆರಪಿಸ್ಟ್ ಎರಡನ್ನೂ ಮಾಡುತ್ತಾರಲ್ವಾ? ಕೇಳಿಯೂ ತಿಳಿಯುತ್ತಾರೆ, ಯೋಚಿಸಿಯೂ ತಿಳಿಯುತ್ತಾರೆ. ಹಾಗಾಗಿ ಕರಡಿನಲ್ಲಿ ಕ್ರಮದ ವಿಚಾರ, ಒಡನಾಟದ ವಿಚಾರ, ಮುಂದಿನ ಬಾಳಿನ ವಿಚಾರ ಅಂತ ಹಾಕಿದ್ದೇನೆ. ‘ಕಂಡಿಶನಲ್’ ಅನ್ನು ‘ಷರತ್ತುಬದ್ಧ’ ಮಾಡಿದರೆ ಬಾಡಿಗೆ ಕರಾರು ಓದಿದ ಹಾಗಾಗುತ್ತದೆ. ಇಲ್ಲಿ ಮಾತು ಷರತ್ತಿನದಲ್ಲ, ರೋಗಿಯ ಇಡೀ ಸ್ಥಿತಿಯದು ಮತ್ತು ಅದು ಮುಂದೆ ಹೇಗೆ ಬದಲಾಗಬಹುದು ಅನ್ನುವುದರದು.

ಸಂಸ್ಕೃತ ಬಲ್ಲವರು ‘ಚಿಕಿತ್ಸೆ’ಯ ಬೇರನ್ನು ನೆನಪಿಸಿಕೊಳ್ಳಿ. ‘ಚಿತ್’ ಧಾತುವಿನಿಂದ, ಅರಿಯುವ ಇಚ್ಛೆ ಅನ್ನುವ ಅರ್ಥದಲ್ಲಿ ಹುಟ್ಟಿದ್ದು. ಮರಾಠಿಯಲ್ಲಿ ‘ಚಿಕಿತ್ಸಕ’ ಅಂದರೆ ಕೆದಕಿ ನೋಡುವವನು ಅಂತಲೂ ಅರ್ಥ ಇದೆ. ಹೀಗೆ ನೋಡಿದರೆ ರೀಸನಿಂಗ್ ಚಿಕಿತ್ಸೆಯ ಹೊಟ್ಟೆಯಲ್ಲೇ ಇದೆ. ಆದರೆ ರೋಗಿಯ ಮಗನಿಗೆ ಧಾತು ಹೇಳಿ ಪ್ರಯೋಜನ ಇಲ್ಲ. ಈ ಮಾತು ಸುಮ್ನೆ ನಮ್ಮ ಖುಷಿಗೆ.

ಎರಡನೆಯದು ‘ಥೆರಪ್ಯೂಟಿಕ್ ಗ್ರೂಪ್’, ಅಂದರೆ ಚಿಕಿತ್ಸೆಯ ಭಾಗವಾಗಿ ರೋಗಿಗಳನ್ನು ಒಟ್ಟಿಗೆ ಕೂಡಿಸುವ ಗುಂಪು. ‘ಚಿಕಿತ್ಸಕ ಗುಂಪು’ ಅಂತ ಬರೆದ ಪುಟ ನೋಡಿದ ಒಬ್ಬರು, “ಡಾಕ್ಟರುಗಳ ಗುಂಪಾ?” ಅಂತ ಕೇಳಿದರು. ಸರಿಯಾಗೇ ಕೇಳಿದರು. ‘ಉಪಚಾರದ ಗುಂಪು’ ಅಂದರೆ ಮದುವೆಯಲ್ಲಿ ಬಡಿಸುವವರು ನೆನಪಾಗುತ್ತಾರೆ. ‘ಸಂಘ’ ಅಂದರೆ ಹೆಣ್ಣುಮಕ್ಕಳು ವಾರದ ಉಳಿತಾಯದ ಕಂತು ತರುತ್ತಾರೆ. ‘ಮದ್ದು’ ಸೇರಿಸಿ ಪದ ಕಟ್ಟುವ ಗೆಳೆಯರಿಗೆ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆ “ಮದ್ದು ಹಾಕ್ಯಾರ” ಅಂದರೆ ಆಸ್ಪತ್ರೆಯ ಮಾತಲ್ಲ!

ಗುಂಪಿನ ಬಗೆಗಳಿಗೂ ಪದ ಬೇಕು. ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ಆನ್ ಮೋಸಿ ಐದು ಹಂತ ಹೇಳಿದ್ದಾರೆ. ಮೊದಲನೆಯದು ‘ಪ್ಯಾರಲಲ್’: ಎಲ್ಲರೂ ಪಕ್ಕಪಕ್ಕ ಕೂತಿರುತ್ತಾರೆ, ಒಬ್ಬರು ಕಾಗದದ ಚೀಲ ಅಂಟಿಸುತ್ತಾರೆ, ಇನ್ನೊಬ್ಬರು ಮಣಿ ಪೋಣಿಸುತ್ತಾರೆ, ಮಾತು ಬೇಕೇ ಬೇಕು ಅಂತೇನಿಲ್ಲ. ಬಹಳ ದಿನ ಮನೆಯ ಕೋಣೆಯಲ್ಲೇ ಉಳಿದವರಿಗೆ ಅಷ್ಟೇ ದೊಡ್ಡದು. ಇದನ್ನು ‘ಸಮಾನಾಂತರ ಗುಂಪು’ ಅನ್ನುವುದಕ್ಕೆ ನನ್ನ ಕೈ ಬರಲಿಲ್ಲ, ‘ಮಗ್ಗುಲಗುಂಪು’ ಅಂತ ಬರೆದಿದ್ದೇನೆ. ಮುಂದಿನ ಹಂತಗಳಲ್ಲಿ ಕೆಲಸ ಹಂಚಿಕೊಳ್ಳುತ್ತಾರೆ, ಕೊನೆಗೆ ಒಬ್ಬರ ಅಳಲನ್ನು ಇನ್ನೊಬ್ಬರು ತಾವೇ ನೋಡಿಕೊಳ್ಳುವಷ್ಟು ಆಗುತ್ತಾರೆ. ತಾನು ಪಡೆಯುವುದರ ಜೊತೆ ತಾನೂ ಕೊಡಬಲ್ಲೆ ಅನ್ನುವುದೇ ಗುಣವಾಗುವುದಕ್ಕೆ ಒಂದು ಕಾರಣ ಅಂತ ಗುಂಪು ಚಿಕಿತ್ಸೆಯ ಬಗ್ಗೆ ಬರೆದ ಮನೋವೈದ್ಯ ಇರ್ವಿನ್ ಯಾಲಮ್ ಕೂಡ ಹೇಳುತ್ತಾರೆ.

ಇಲ್ಲಿ ನನಗೆ ‘ಮುಯ್ಯಾಳು’ ನೆನಪಾಯಿತು. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನನ್ನ ಹೊಲಕ್ಕೆ, ಕೂಲಿ ಲೆಕ್ಕ ಇಲ್ಲ. ‘ಮುಯ್ಯಾಳು ಗುಂಪು’ ಅಂದರೆ ಆ ಕೊನೆಯ ಹಂತಕ್ಕೆ ಒಪ್ಪುತ್ತದೆ ಅನಿಸುತ್ತದೆ. ಆದರೆ ‘ಮುಯ್ಯಿಗೆ ಮುಯ್ಯಿ’ ಅಂತ ಸೇಡಿನ ಅರ್ಥವೂ ಇದೆಯಲ್ಲ, ಮನಸ್ಸಿನ ಕಾಯಿಲೆಯವರ ಮಾತೂ ಬರುವ ಕೈಪಿಡಿಯಲ್ಲಿ ಅದು ಅಡ್ಡ ಬರಬಹುದಾ?

ಗದಗ, ಹಾವೇರಿ ಕಡೆಯ ಗೆಳೆಯರು ಹೇಳಿ: ನಿಮ್ಮೂರಲ್ಲಿ ‘ಮುಯ್ಯಾಳು’ ಇನ್ನೂ ಬಳಕೆಯಲ್ಲಿದೆಯಾ, ಇಪ್ಪತ್ತರ ಹುಡುಗರಿಗೆ ತಿಳಿಯುತ್ತದಾ? ಹೆಣ್ಣುಮಕ್ಕಳು ಕೂಡಿ ಶಾವಿಗೆ, ಹಪ್ಪಳ ಮಾಡುವಾಗಿನ ಕೂಟಕ್ಕೆ ಬೇರೆ ಹೆಸರೇನಾದರೂ ಇದೆಯಾ? ಮೈಸೂರು, ಮಂಗಳೂರು ಕಡೆಯವರಿಗೆ ‘ಮುಂದಿನ ಬಾಳಿನ ವಿಚಾರ’ ಅಂದರೆ ಯೋಚನೆ ಅಂತ ಕೇಳುತ್ತದೋ, ವಿಷಯ ಅಂತಲೋ? ಕರಡು ಅಚ್ಚಿಗೆ ಹೋಗುವ ಮುಂಚೆ ತಿಳಿದರೆ ಒಳ್ಳೆಯದು.