ಅರ್ಜೆಂಟ್: ‘ಶೋಜೋ ಮಾಂಗಾ’, ‘ಲೈವ್ ಆಕ್ಷನ್’ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿ ಶನಿವಾರ ಜಪಾನಿನ ‘ಲವ್ಲಿ ಕಾಂಪ್ಲೆಕ್ಸ್’ ತೋರಿಸುತ್ತಿದ್ದೇವೆ. ಆಯಾ ನಕಹರಾ 2001ರಿಂದ ‘ಬೆಸ್ಸತ್ಸು ಮಾರ್ಗರೆಟ್’ ಮಾಸಿಕಕ್ಕೆ ಬರೆದ ಶೋಜೋ ಮಾಂಗಾ (ಹುಡುಗಿಯರಿಗಾಗಿ ಬರೆಯುವ ಜಪಾನೀ ಕಾಮಿಕ್ಸ್) ಇದರ ಮೂಲ. ಲೈವ್ ಆಕ್ಷನ್ ಸಿನಿಮಾ, ಅಂದರೆ ನಿಜವಾದ ನಟರು ಅಭಿನಯಿಸಿದ್ದು, ಬಂದದ್ದು 2006ರಲ್ಲಿ. ಹುಡುಗಿ 170 ಸೆಂ.ಮೀ. ದಾಟಿದವಳು, ಹುಡುಗ 160 ಮುಟ್ಟದವನು. ಇಬ್ಬರೂ ಸದಾ ಕಚ್ಚಾಡುತ್ತಾರೆ. ಮೇಷ್ಟ್ರು ಅವರನ್ನು ಒಸಾಕಾದ ಉದ್ದ–ಗಿಡ್ಡ ಹಾಸ್ಯಜೋಡಿ ‘ಆಲ್ ಹನ್ಶಿನ್–ಕ್ಯೋಜಿನ್’ ಹೆಸರಿನಿಂದ ಕರೆಯುತ್ತಾರೆ.

ಪೋಸ್ಟರಿಗೆ ‘ಬಾಲಕಿಯರ ಹಾಸ್ಯ ಚಿತ್ರಕಥೆ ಆಧಾರಿತ ಚಿತ್ರ’ ಅಂತ ಬರೆದಿದ್ದೇನೆ. ಯಾಕೋ ಕೂರುತ್ತಿಲ್ಲ. ನಾಳೆ ಬೆಳಗ್ಗೆ ಪ್ರಿಂಟಿಗೆ ಕೊಡಬೇಕು.

———

ಮೇಡಂ, ಮೊದಲು ‘ಚಿತ್ರಕಥೆ’ ತೆಗೆಯಿರಿ. ಸಿನಿಮಾ ಪೋಸ್ಟರಿನಲ್ಲಿ ಆ ಪದ ಕಂಡರೆ ‘ಕಥೆ–ಚಿತ್ರಕಥೆ–ಸಂಭಾಷಣೆ’ಯ ಚಿತ್ರಕಥೆ ಅಂತಲೇ ಓದುತ್ತಾರೆ. ಅಮರ ಚಿತ್ರಕಥೆ ಓದಿ ಬೆಳೆದವರಿಗಷ್ಟೇ ಇನ್ನೊಂದು ಅರ್ಥ ಹೊಳೆದೀತು. ‘ಬಾಲಕಿಯರ’ ಅಂದರೆ ಸರ್ಕಾರಿ ಹಾಸ್ಟೆಲಿನ ಬೋರ್ಡು. ‘ಹುಡುಗಿಯರ ಕಾಮಿಕ್ಸ್’ ಸಾಕು. ಲೈವ್ ಆಕ್ಷನ್‌ಗೆ ಪದವೇ ಬೇಡ. ಸಿನಿಮಾ ಅಂದಮೇಲೆ ನಟರು ಇದ್ದೇ ಇರುತ್ತಾರಲ್ವಾ?

———

ಬೇಕು ಸರ್. ಇದೇ ಕಥೆ 2007ರಲ್ಲಿ 24 ಕಂತುಗಳ ಅನಿಮೆ (ಜಪಾನೀ ಕಾರ್ಟೂನ್) ಆಗಿ ಟಿವಿಯಲ್ಲಿ ಬಂದಿದೆ. ನಮ್ಮ ಹುಡುಗರು ಜಾಸ್ತಿ ನೋಡಿರುವುದು ಅದನ್ನೇ. ಮೊದಲೇ ಹೇಳದಿದ್ದರೆ ಬಂದು ಕೂತು ಗಲಾಟೆ ಮಾಡುತ್ತಾರೆ.

———

ಜಪಾನಿಗರು ಲೈವ್ ಆಕ್ಷನ್‌ಗೆ ‘ಜಿಶ್ಶಾ’ ಅನ್ನುತ್ತಾರೆ. ‘ಜಿತ್ಸು’ ನಿಜ, ‘ಶಾ’ ಪಡಿಯಚ್ಚು ತೆಗೆಯುವುದು. ಫೋಟೋಗೆ ಅವರು ಹೇಳುವ ‘ಶಾಶಿನ್’ನಲ್ಲಿ ಇರುವುದೂ ಅದೇ ‘ಶಾ’. ಅವರು ಕಟ್ಟಿಕೊಂಡರು, ನಾವೂ ಕಟ್ಟೋಣ: ‘ನನ್ನಿತಿಟ್ಟ’. ‘ನನ್ನಿ’ ಅಂದರೆ ಸತ್ಯ, ‘ತಿಟ್ಟ’ ಅಂದರೆ ಚಿತ್ರ. ‘ನನ್ನಿ’ ಪಂಪನಲ್ಲೇ ಇದೆ. ಮಾಂಗಾಕ್ಕೆ ‘ಗೆರೆಕತೆ’. ‘ಥ’ ಬೇಡ, ನಮ್ಮ ಬಾಯಲ್ಲಿ ಮಹಾಪ್ರಾಣವೇ ಇಲ್ಲ. ಮಾಂಗಾ ಅಂತ ಹಾಗೇ ಬಿಟ್ಟರೆ ಮಂಗ ಅಂತಲೋ ಮಾಂಗಾಯಿ ಅಂತಲೋ ಓದುತ್ತಾರೆ.

———

ರಾಯರೇ, ‘ನನ್ನಿಯೊಳಿನತನಯಂ’ ನಾವೂ ಓದಿದ್ದೇವೆ. ಅಲ್ಲಿ ನನ್ನಿ ಕರ್ಣನ ಸತ್ಯ. ಬಣ್ಣ ಹಚ್ಚಿಕೊಂಡು ಕ್ಯಾಮೆರಾ ಮುಂದೆ ನಿಂತವರದು ಯಾವ ನನ್ನಿ?

ಇನ್ನು ಜಪಾನಿಗರನ್ನು ಸಾಕ್ಷಿಗೆ ಕರೆಯಬೇಡಿ. ಈ ಮಾಂಗಾದ ಹೆಸರೇ ಇಂಗ್ಲಿಷು. ಅದನ್ನೂ ಕತ್ತರಿಸಿ ‘ರಬುಕೊನ್’ ಮಾಡಿದ್ದಾರೆ. ಪ್ರೇಮದ ಹಾಸ್ಯಕ್ಕೆ ಅವರ ಮಾತು ‘ರಬುಕೊಮೆ’, ಅಂದರೆ ಲವ್ ಕಾಮಿಡಿ. ಪತ್ರಿಕೆಯ ಹೆಸರು ಮಾರ್ಗರೆಟ್! ಎರವಲು ತಂದರು, ಕತ್ತರಿ ಆಡಿಸಿದರು, ತಮ್ಮದು ಮಾಡಿಕೊಂಡರು. ನಾವು ಬಸ್ಸು, ಬೆಂಚುಗಳಿಗೆ ‘ಉ’ ಹಚ್ಚಿದ್ದೂ ಹಾಗೇ ಅಲ್ವಾ?

———

ಹಾಗಾದರೆ ಪೋಸ್ಟರ್ ಪೂರ್ತಿ ಇಂಗ್ಲಿಷಿನಲ್ಲೇ ಬರೆದು ಪ್ರತಿ ಪದಕ್ಕೂ ಒಂದೊಂದು ‘ಉ’ ಹಚ್ಚಿಬಿಡಿ. ಕನ್ನಡ ಉದ್ಧಾರವಾಯಿತು.

———

ನೀವಿಬ್ಬರೂ ಆಮೇಲೆ ಜಗಳವಾಡಿ. ‘ಹುಡುಗಿಯರ ತಮಾಷೆ ಮಾಂಗಾ ಈಗ ಸಿನಿಮಾ. ಅನಿಮೆ ಅಲ್ಲ, ನಟರೇ ಇದ್ದಾರೆ’ ಅಂತ ಬರೆದುಕೊಂಡಿದ್ದೇನೆ. ಇನ್ನೊಂದೇ ತೊಡಕು. ‘ಲವ್ಲಿ ಕಾಂಪ್ಲೆಕ್ಸ್’ ಅಂತ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಹಾಕಿದರೆ ಅಂಗಡಿ ಮಳಿಗೆಯ ಜಾಹೀರಾತಿನ ಥರ ಕಾಣುತ್ತಿದೆ.

———

ಇಲ್ಲಿ ‘ಕಾಂಪ್ಲೆಕ್ಸ್’ ಅಂದರೆ ಕೀಳರಿಮೆ. ಅದೂ ಯಾರೋ ಕಟ್ಟಿದ ಪದವೇ. ಈಗ ಎಲ್ಲರ ಬಾಯಲ್ಲೂ ಇದೆ.

———

ಕೀಳರಿಮೆ ಒಪ್ಪಿದೆ. ಆದರೆ ‘ಮುದ್ದಾದ ಕೀಳರಿಮೆ’ ಅಂತ ಹಾಕಿದರೆ ಶನಿವಾರ ಒಬ್ಬನೂ ಬರುವುದಿಲ್ಲ. ಮೇಡಂ, ಹೆಸರು ಹಾಗೇ ಇರಲಿ. ಕೆಳಗೆ ಉದ್ದ ಹುಡುಗಿ, ಗಿಡ್ಡ ಹುಡುಗನ ಫೋಟೋ ಹಾಕಿ.